ಒಂದೂವರೆ ಲಕ್ಷದ ಹಳೇ ಕಾರು ಕೊನೆಗೆ ಎಷ್ಟಕ್ಕೆ ಬೀಳುತ್ತದೆ? ಕರಾವಳಿ, ಘಟ್ಟದವರಿಗೊಂದು ಲೆಕ್ಕ

ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೆ ಶಿರಸಿ, ಸಿದ್ದಾಪುರ ಕಡೆಯಿಂದ ಈ ಪ್ರಶ್ನೆ ಶುರುವಾಗುತ್ತದೆ. ಕಾರವಾರ, ಅಂಕೋಲೆಯವರದ್ದು ವರ್ಷವಿಡೀ ಇದ್ದದ್ದೇ, ಗಡಿ ದಾಟಿದರೆ ಗೋವಾ ಗಾಡಿಗಳಲ್ವಾ. "ಒಂದೂವರೆ ಲಕ್ಷಕ್ಕೆ ಒಂದು ಕಾರು ಬಂದಿದೆ, ಫೋಟೋ ಕಳಿಸಿದ್ದೇನೆ, ತಗೊಳ್ಳಬಹುದಾ?"

ಫೋಟೋದಲ್ಲಿ ಎಲ್ಲ ಗಾಡಿಯೂ ಚೆಂದ. ಒಂದೂವರೆ ಲಕ್ಷ ಎನ್ನುವುದು ನೀವು ಮಾರುವವರಿಗೆ ಕೊಡುವ ದುಡ್ಡು, ಅಷ್ಟೇ. ಅದರ ಹಿಂದೆ ಆರ್‌ಟಿಒ, ವಿಮೆ, ಟೈರು, ಕ್ಲಚ್, ಟಿಂಕರಿಂಗ್ ಎಲ್ಲ ಸಾಲಾಗಿ ನಿಂತಿರುತ್ತವೆ. ನನ್ನ ಪ್ರಕಾರ ಗಾಡಿಯ ಬೆಲೆಯ ಮೂರನೇ ಒಂದು ಭಾಗದಷ್ಟು ದುಡ್ಡನ್ನು ಮೊದಲ ವರ್ಷಕ್ಕೆಂದೇ ಬೇರೆ ತೆಗೆದಿಡಬೇಕು. ಕೈಯಲ್ಲಿರುವುದೇ ಒಂದೂವರೆ ಲಕ್ಷ ಎಂದಾದರೆ ನೀವು ನೋಡಬೇಕಾದದ್ದು 1.1 ಲಕ್ಷದ ಗಾಡಿ.

ಇನ್ನೊಂದು ಮಾತು. ಹೆಚ್ಚಿನವರು ಮೊದಲು ಎಂಜಿನ್ ನೋಡುತ್ತಾರೆ, ಆಮೇಲೆ ಕಾಗದ, ಕೊನೆಗೆ ಗಾಡಿಯ ಅಡಿ. ನಮ್ಮ ಕಡೆ ಕಾಗದ, ಅಡಿ ಮೊದಲಾಗಬೇಕು, ಎಂಜಿನ್ ಕೊನೆಗೆ. ಎಂಜಿನ್ ಕೆಲಸ ಯಾವ ಊರಲ್ಲಾದರೂ ಮಾಡಿಸಬಹುದು. ಗಾಡಿಯ ಬಾಡಿ ತುಕ್ಕು ತಿಂದಿದ್ದರೆ ಮದ್ದಿಲ್ಲ. ಹೊರರಾಜ್ಯದ ಕಾಗದ ಸಿಕ್ಕಿಹಾಕಿಕೊಂಡರೆ ಗಾಡಿ ಅಂಗಳದಲ್ಲೇ ಕೊಳೆಯುತ್ತದೆ.

ಹೊರಡುವ ಮೊದಲು ಏನೇನು ಬೇಕು

ಒಂದು ಟಾರ್ಚ್, ಸಣ್ಣ ಅಯಸ್ಕಾಂತ, ನೆಲದ ಮೇಲೆ ಮಲಗಿ ನೋಡಲು ಒಂದು ಗೋಣಿಚೀಲ, ಕೈ ಒರೆಸಲು ಬಟ್ಟೆ. ಜೊತೆಗೆ ನಿಮ್ಮ ಪರಿಚಯದ ಮೆಕ್ಯಾನಿಕ್. ಮಾರುವವರೇ ಕರೆತಂದ ಮೆಕ್ಯಾನಿಕ್ ಲೆಕ್ಕಕ್ಕಿಲ್ಲ. ಒಂದು ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ, ಈ ವ್ಯವಹಾರದಲ್ಲಿ ಇದರಷ್ಟು ಚೆನ್ನಾಗಿ ಬಳಕೆಯಾಗುವ ದುಡ್ಡು ಬೇರೆ ಇಲ್ಲ. ಹಗಲಲ್ಲೇ ಹೋಗಿ. ಮಳೆ ಬೀಳುವಾಗ ಬೇಡ, ಒದ್ದೆ ಬಣ್ಣದ ಮೇಲೆ ನೆಗ್ಗು, ತೂತು ಮುಚ್ಚಲು ಮೆತ್ತಿದ ಪುಟ್ಟಿಯೂ ಕಾಣುವುದಿಲ್ಲ, ಗೀರೂ ಕಾಣುವುದಿಲ್ಲ.

1. ಮನೆಯಲ್ಲೇ ಕೂತು ನಂಬರ್ ನೋಡಿ

ಗಾಡಿಯ ನಂಬರ್ ಕೇಳಿಕೊಂಡು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ನೋಂದಣಿ ದಿನಾಂಕ, ಎಷ್ಟನೇ ಮಾಲೀಕರು, ವಿಮೆ ಯಾವಾಗ ಮುಗಿಯುತ್ತದೆ, ಆರ್‌ಸಿ ಎಲ್ಲಿಯವರೆಗೆ ಇದೆ, ಸಾಲ ಬಾಕಿ ಇದೆಯೇ ಎಂಬುದು ಸಿಗುತ್ತದೆ. "ಸೆಕೆಂಡ್ ಓನರ್" ಅಂದವರ ಗಾಡಿ ಅಲ್ಲಿ ನಾಲ್ಕನೆಯವರ ಕೈಯಲ್ಲಿರಬಹುದು. ಇ-ಚಲನ್ ವೆಬ್‌ಸೈಟಿನಲ್ಲಿ ಬಾಕಿ ದಂಡವನ್ನೂ ನೋಡಿ. ನಂಬರ್ ಕೊಡಲು ಹಿಂದೆಮುಂದೆ ನೋಡುವವರ ಗಾಡಿಯನ್ನು ಅಲ್ಲಿಗೇ ಬಿಡಿ.

ಆರ್‌ಸಿಯಲ್ಲಿ 'ಎಚ್‌ಪಿ' ಅಥವಾ ಹೈಪಾಥಿಕೇಶನ್ ಎಂದಿದ್ದರೆ ಗಾಡಿಯ ಮೇಲೆ ಬ್ಯಾಂಕ್ ಅಥವಾ ಸೊಸೈಟಿಯ ಸಾಲದ ಹಕ್ಕು ಇದೆ ಎಂದರ್ಥ. ನಮ್ಮ ಜಿಲ್ಲೆಯಲ್ಲಿ ಸಹಕಾರಿ ಸಂಘದ ಸಾಲ ಜಾಸ್ತಿ. ಸಾಲ ತೀರಿ ವರ್ಷಗಳಾದರೂ ಎಚ್‌ಪಿ ತೆಗೆಸದೇ ಬಿಟ್ಟವರು ಬಹಳ ಜನ. ಅದನ್ನು ತೆಗೆಸಲು ಫಾರ್ಮ್ 35 ಮತ್ತು ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಬೇಕು. ಆ ಓಡಾಟ ಮಾರುವವರದ್ದು. "ನೀವೇ ಮಾಡಿಸ್ಕೊಳ್ಳಿ, ಎರಡು ಸಾವಿರ ಕಮ್ಮಿ ಮಾಡ್ತೇನೆ" ಎಂಬ ಮಾತಿಗೆ ಒಪ್ಪಬೇಡಿ.

ವಯಸ್ಸಿನ ಲೆಕ್ಕ ಇಲ್ಲೇ ಮುಗಿಸಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್ನೆಸ್ ಪರೀಕ್ಷೆ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಇದಕ್ಕೆ ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಮೇಲೆ ಗ್ರೀನ್ ಟ್ಯಾಕ್ಸ್. ಅವಧಿ ಮುಗಿದ ಮೇಲೆ ಸುಮ್ನೆ ಬಿಟ್ಟಿದ್ದರೆ ತಿಂಗಳಿಗೆ 500ರಂತೆ ದಂಡ ಏರುತ್ತಾ ಹೋಗುತ್ತದೆ. ಒಂದು ಲಕ್ಷದ ಆಸುಪಾಸಿನಲ್ಲಿ ಸಿಗುವ 2010–12ರ ಗಾಡಿಗಳೆಲ್ಲ ಈಗ ಈ ಗಡಿಯಲ್ಲೇ ನಿಂತಿವೆ. ಅಷ್ಟು ಅಗ್ಗಕ್ಕೆ ಬರುತ್ತಿರುವುದಕ್ಕೆ ಅದೂ ಒಂದು ಕಾರಣ.

2. ಗೋವಾ ಗಾಡಿ, ನೇವಿ ಗಾಡಿ, ಕೈಗಾ ಗಾಡಿ

ನಮ್ಮ ಜಿಲ್ಲೆಯ ನಂಬರ್ ಎಂದರೆ ಕಾರವಾರದ ಕೆಎ 30, ಶಿರಸಿಯ 31, ಹೊನ್ನಾವರದ 47, ದಾಂಡೇಲಿಯ 65. ಈ ನಾಲ್ಕರಲ್ಲಿ ಒಂದಾಗಿದ್ದರೆ, ಅಥವಾ ಕರ್ನಾಟಕದ ಬೇರೆ ಯಾವುದೇ ನಂಬರ್ ಆಗಿದ್ದರೆ ಈ ಭಾಗವನ್ನು ದಾಟಿ ಮುಂದೆ ಹೋಗಿ.

ಹೊರರಾಜ್ಯದ ಗಾಡಿ ಅಗ್ಗ ಎನಿಸುವುದು ಅದರ ಬೆಲೆಯಲ್ಲಿ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ಸೇರಿಲ್ಲದ ಕಾರಣಕ್ಕೆ. ನಿಮ್ಮ ಹೆಸರಿಗೆ ಇಲ್ಲಿ ಮಾಡಿಸುವಾಗ ಅದನ್ನು ನೀವೇ ಕಟ್ಟಬೇಕು. ಕರ್ನಾಟಕದಲ್ಲಿ ಹೊಸ ಕಾರಿಗೆ 5 ಲಕ್ಷದೊಳಗಿದ್ದರೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14, ಈ ಟ್ಯಾಕ್ಸಿನ ಜೊತೆಗೆ ಸೆಸ್ ಬೇರೆ. ಹಳೆಯದಕ್ಕೆ ವಯಸ್ಸು ನೋಡಿ ಇದರಲ್ಲಿ ಒಂದು ಪಾಲು ಇಳಿಸುತ್ತಾರೆ. ಜನ ಎಡವುವುದು ಎಲ್ಲಿ ಎಂದರೆ, ಲೆಕ್ಕ ಹಿಡಿಯುವುದು ನೀವು ಕೊಟ್ಟ ಒಂದೂವರೆ ಲಕ್ಷದ ಮೇಲೆ ಅಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ಹನ್ನೆರಡು ಲಕ್ಷದ ಸೆಡಾನ್ ಎರಡು ಲಕ್ಷಕ್ಕೆ ಸಿಕ್ಕಿತು ಎಂದು ಹಿಗ್ಗಿದವರಿಗೆ ಆರ್‌ಟಿಒ ಕೌಂಟರಿನಲ್ಲಿ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಗೆ ಆರ್‌ಸಿಯ ಪ್ರತಿ ಒಯ್ದು, ಎಷ್ಟು ಟ್ಯಾಕ್ಸ್ ಬರುತ್ತದೆ ಎಂದು ಕೇಳಿ ಬರೆದುಕೊಳ್ಳಿ.

ಜೊತೆಗೆ ಫಾರ್ಮ್ 28 ಬೇಕು. ಅದು ಮೂಲ ರಾಜ್ಯದ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಎಲ್ಲರೂ ಎನ್‌ಒಸಿ ಎನ್ನುವುದು ಇದಕ್ಕೇ. ಅದನ್ನು ತರಿಸುವ ಜವಾಬ್ದಾರಿಯನ್ನು ಮಾರುವವರ ತಲೆಗೆ ಕಟ್ಟಿ, ಪತ್ರ ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು ಕೊಡಿ. "ಗೋವಾದ ಜಿಎ ನಂಬರಲ್ಲೇ ಓಡಿಸಿ, ಯಾರೂ ಕೇಳಲ್ಲ" ಎನ್ನುವವರಿದ್ದಾರೆ. ಕೇಳುತ್ತಾರೆ. ಹೊರರಾಜ್ಯದ ಗಾಡಿ ಇಲ್ಲೇ 12 ತಿಂಗಳು ಮೀರಿ ಇದ್ದರೆ ಮರುನೋಂದಣಿ, ಟ್ಯಾಕ್ಸ್ ಎರಡೂ ಕಡ್ಡಾಯ. ಸಿಕ್ಕಿಬಿದ್ದ ದಿನ ದಂಡವೂ ಸೇರುತ್ತದೆ.

ಗೋವಾದ್ದರಲ್ಲಿ ಇನ್ನೊಂದು ಬಗೆ ಇದೆ. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಕಾರುಗಳು, ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರದವು. ಅವನ್ನು ಖಾಸಗಿಗೆ ಬದಲಾಯಿಸಿ ಮಾರುತ್ತಾರೆ. ದಿನಕ್ಕೊಬ್ಬ ಡ್ರೈವರ್, ಬೀಚಿನ ಮರಳು, ಉಪ್ಪುಗಾಳಿ, ಅರ್ಧ ಕ್ಲಚ್ ಒತ್ತಿಯೇ ಇಳಿಜಾರಲ್ಲಿ ನಿಲ್ಲಿಸುವವರು. ನಾನಾದರೆ ಇಂಥ ಗಾಡಿಯ ಹತ್ತಿರವೂ ಹೋಗುವುದಿಲ್ಲ. ಆರ್‌ಸಿಯ ಹಿಂದಿನ ವಿವರದಲ್ಲಿ ಟ್ರಾನ್ಸ್‌ಪೋರ್ಟ್ ವರ್ಗದಿಂದ ಬದಲಾದದ್ದು ಇದೆಯೇ ನೋಡಿ. ನಂಬರ್ ಪ್ಲೇಟ್ ಹೊಸದು, ಗಾಡಿ ಹಳೆಯದು ಎಂದಾದರೆ ಯಾಕೆ ಎಂದು ಕೇಳಿ.

ಕಾರವಾರದ ನೌಕಾನೆಲೆ ಮತ್ತು ಕೈಗಾ ಅಣುಸ್ಥಾವರದಿಂದ ವರ್ಗವಾಗಿ ಹೋಗುವವರು ಮಾರುವ ಕಾರುಗಳು ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಸರ್ವಿಸ್ ಪುಸ್ತಕವೂ ಇರುತ್ತದೆ, ಮಾತೂ ನೇರ. ತೊಡಕು ನಂಬರಿನದ್ದು. ಕೆಲವು 'ಬಿಎಚ್' ಸರಣಿಯವು. ಇದು 2021ರಲ್ಲಿ ಬಂದ ವ್ಯವಸ್ಥೆ, ಕೇಂದ್ರ ಸರ್ಕಾರಿ, ಸೇನಾ ನೌಕರರಂಥವರಿಗೆ ಎರಡೆರಡು ವರ್ಷಕ್ಕೆ ಟ್ಯಾಕ್ಸ್ ಕಟ್ಟುವ ಅನುಕೂಲ. ನಿಮಗೆ ಆ ಅರ್ಹತೆ ಇಲ್ಲದಿದ್ದರೆ ಸಾಮಾನ್ಯ ನಂಬರಿಗೆ ಬದಲಾಯಿಸಿ ಇಲ್ಲಿಯ ಟ್ಯಾಕ್ಸ್ ಕಟ್ಟಬೇಕು. ಅದನ್ನು ಸೇರಿಸಿಯೂ ಲೆಕ್ಕ ಕೂಡಿದರೆ ಧೈರ್ಯವಾಗಿ ತಗೊಳ್ಳಿ.

3. ಗೋಣಿಚೀಲ ಹಾಸಿ ಅಡಿ ನೋಡಿ

ಕರಾವಳಿಯ ಗಾಡಿಯನ್ನು ತಿನ್ನುವುದು ಉಪ್ಪುಗಾಳಿ. ಘಟ್ಟದ ಮೇಲಿನದ್ದನ್ನು ತಿನ್ನುವುದು ಚಕ್ರದ ಗೂಡಿನಲ್ಲಿ ಅಂಟಿಕೊಂಡು ತಿಂಗಳುಗಟ್ಟಲೆ ಒಣಗದ ಕೆಂಪು ಮಣ್ಣು. ಎರಡೂ ಕಡೆ ಮೇಲೆ ಥಳಕು, ಒಳಗೆ ಹುಳುಕು.

ಬಾಗಿಲು ತೆರೆದು ಅದರ ಕೆಳತುದಿಯ ಒಳಮಡಿಕೆಗೆ ಬೆರಳು ಹಾಕಿ ಉದ್ದಕ್ಕೂ ಎಳೆಯಿರಿ. ಅಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಕಸ ಕಟ್ಟಿ ಮುಚ್ಚಿಹೋದರೆ ನೀರು ಬಾಗಿಲೊಳಗೇ ನಿಂತು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಬೆರಳಿಗೆ ಕಂದು ಪುಡಿ ಹತ್ತಿದರೆ, ಅಥವಾ ಬಣ್ಣದ ಕೆಳಗೆ ಸಾಸಿವೆಯಷ್ಟು ಗುಳ್ಳೆ ಕೈಗೆ ಸಿಕ್ಕರೆ, ಹೊರಗಿನಿಂದ ಕಾಣುವುದಕ್ಕಿಂತ ಒಳಗೆ ಜಾಸ್ತಿ ಹೋಗಿದೆ ಎಂದು ತಿಳಿಯಿರಿ.

ಮುಂದಿನದ್ದು ಬಾಗಿಲ ಕೆಳಗಿನ ಉದ್ದನೆ ಪಟ್ಟಿ, ಗ್ಯಾರೇಜಿನವರು ಸಿಲ್ ಎನ್ನುತ್ತಾರೆ. ಜಾಕ್ ಕೊಡುವ ಜಾಗ ಇಲ್ಲೇ. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಕಬ್ಬಿಣಕ್ಕೆ ಠಣ್ ಎನ್ನುವ ಸದ್ದು. ತುಕ್ಕು ತಿಂದದ್ದು ಮಂಕಾಗಿ ಬಡಿಯುತ್ತದೆ, ಕೆಲವೊಮ್ಮೆ ಪದರವೇ ಉದುರುತ್ತದೆ. ಜಾಕ್ ಜಾಗವೇ ಮೆತ್ತಗಾಗಿದ್ದರೆ ಮಾತು ಬೆಳೆಸದೆ ವಾಪಸ್ ಬನ್ನಿ. ಬೆಸುಗೆ ಹಾಕಿಸಬಹುದು ನಿಜ, ಆದರೆ ಮುಂದಿನ ಮಳೆಗಾಲಕ್ಕೆ ಅದರ ಪಕ್ಕದಲ್ಲೇ ಮತ್ತೆ ತೂತು.

ಆಮೇಲೆ ಹಿಂದಿನ ಚಕ್ರದ ಗೂಡಿನ ಒಳಅಂಚು, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದ ಗುಂಡಿ, ಬಾನೆಟ್ ತೆರೆದರೆ ಎರಡೂ ಬದಿಯ ಶಾಕ್ ಅಬ್ಸಾರ್ಬರ್ ಕೂರುವ ದಿಬ್ಬ, ಅಡಿಯಲ್ಲಿ ಹಿಂದಕ್ಕೆ ಹೋಗುವ ಸಣ್ಣ ಬ್ರೇಕ್ ಪೈಪ್. ಬ್ರೇಕ್ ಪೈಪಿನ ಮೇಲೆ ತುಕ್ಕಿನ ಪದರ ಎದ್ದಿದ್ದರೆ ಅದು ಬರೀ ಖರ್ಚಿನ ಮಾತಲ್ಲ, ಜೀವದ ಮಾತು.

ಎಚ್ಚರಿಕೆ: ಅಡಿ ಪೂರ್ತಿ ಕರ್ರಗೆ, ಹೊಸದಾಗಿ ಅಂಡರ್‌ಬಾಡಿ ಕೋಟಿಂಗ್ ಬಳಿದಿದ್ದರೆ ಖುಷಿಪಡಬೇಡಿ. ಹತ್ತು ವರ್ಷದ ಗಾಡಿಗೆ ಮಾರುವ ವಾರ ಕೋಟಿಂಗ್ ಮಾಡಿಸುವವರು ತುಕ್ಕು ತಡೆಯಲು ಮಾಡಿಸುವುದಿಲ್ಲ. ಗಾಡಿಯ ಹೊರಮೈಗೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿಯಿರಿ. ಕಬ್ಬಿಣದ ಬಾಡಿಯಲ್ಲಿ ಅದು ಹಿಡಿಯದ ಜಾಗದಲ್ಲಿ ಪುಟ್ಟಿ ತುಂಬಿದ್ದಾರೆ. ಬಂಪರ್ ಪ್ಲಾಸ್ಟಿಕ್ಕು, ಅಲ್ಲಿ ಹಿಡಿಯದಿದ್ದರೆ ಗಾಬರಿ ಬೇಡ.

4. ನೀರು ಕುಡಿದ ಗಾಡಿಯೇ?

2018ರಲ್ಲಿ ಕೇರಳ, 2019ರಲ್ಲಿ ಕೊಲ್ಲಾಪುರ, ಸಾಂಗ್ಲಿ, ಅದೇ ವರ್ಷ ನಮ್ಮ ಕಾಳಿ, ಗಂಗಾವಳಿ ತೀರ, 2021ರಲ್ಲಿ ಮತ್ತೆ ಗಂಗಾವಳಿ, 2022ರಲ್ಲಿ ಬೆಂಗಳೂರು. ನೆರೆಯಲ್ಲಿ ಮುಳುಗಿದ ಕಾರುಗಳು ತೊಳೆದು ಒಣಗಿ ದೂರದ ಊರುಗಳಲ್ಲಿ ಮಾರಾಟವಾಗುತ್ತವೆ. ಆ ವರ್ಷ ಗಾಡಿ ಯಾವ ಊರಲ್ಲಿತ್ತು ಎಂದು ಸರ್ವಿಸ್ ದಾಖಲೆಯಲ್ಲಿ ನೋಡಿ.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಸುತ್ತಿಕೊಂಡಿರುವ ಕೊನೆಯ ಮೊಳದಲ್ಲಿ ಮಣ್ಣಿನ ಕಲೆ ಉಳಿದಿರುತ್ತದೆ, ಅಲ್ಲಿಯವರೆಗೆ ತೊಳೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಸೀಟಿನ ಕಂಬಿಗೆ ತುಕ್ಕು, ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ, ಹೆಡ್‌ಲೈಟ್ ಒಳಗೆ ಮಬ್ಬು ಇವೆಲ್ಲ ಅದೇ ಕತೆ ಹೇಳುತ್ತವೆ. ಜೋರಾಗಿ ಸುವಾಸನೆ ಹೊಡೆದಿದ್ದರೆ ಕಿಟಕಿ ಮುಚ್ಚಿ ಹತ್ತು ನಿಮಿಷ ಒಳಗೆ ಕೂತು ನೋಡಿ. ನೆರೆಗೆ ಸಿಕ್ಕ ಗಾಡಿಯ ಎಲೆಕ್ಟ್ರಿಕಲ್ ಕೆಲಸ ಮುಗಿಯುವುದೇ ಇಲ್ಲ.

ಇಲಿಯನ್ನೂ ಮರೆಯಬೇಡಿ. ತೋಟದ ಮನೆಯಂಗಳದಲ್ಲಿ ವಾರಗಟ್ಟಲೆ ನಿಂತ ಗಾಡಿಯಲ್ಲಿ ವೈರ್ ಕಡಿದು ಟೇಪ್ ಸುತ್ತಿದ್ದು ಬಾನೆಟ್ ಕೆಳಗೆ ಕಾಣುತ್ತದೆಯೇ ನೋಡಿ.

5. ತಣ್ಣಗಿದ್ದಾಗ ಸ್ಟಾರ್ಟ್, ಆಮೇಲೆ ಏರು

ನೀವು ಹೋಗುವಾಗ ಎಂಜಿನ್ ತಣ್ಣಗಿರಬೇಕು. ಬಾನೆಟ್ ಮೇಲೆ ಕೈ ಇಡಿ, ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ಚಹಾ ಕುಡಿದು ಕಾಯಿರಿ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ಕೆನೆಯಂಥದ್ದು ಧಾರಾಳ ಕಂಡರೆ ಆಯಿಲಿಗೆ ನೀರು ಸೇರುತ್ತಿರಬಹುದು, ಅದು ದೊಡ್ಡ ಕೆಲಸ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ನಿಲ್ಲದೆ ಬಿಳಿ ಹೊಗೆ ಬಂದರೆ ಎಂಜಿನ್ ತಣಿಸುವ ಕೂಲೆಂಟ್ ಒಳಗೆ ಹೋಗುತ್ತಿದೆ. ಚಳಿಗಾಲದ ಬೆಳಗ್ಗೆ ಸ್ವಲ್ಪ ಹೊತ್ತು ಬರುವ ಆವಿ ಬೇರೆ.

ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್, ಎಂಜಿನ್ ದೀಪಗಳು ಹತ್ತಿ ನಂತರ ಆರಬೇಕು. ಹತ್ತದೇ ಇದ್ದರೂ ಅನುಮಾನವೇ, ಬಲ್ಬ್ ತೆಗೆದಿರುತ್ತಾರೆ.

ಊರೊಳಗೆ ಒಂದು ಸುತ್ತು ಹಾಕಿದರೆ ಸಾಲದು. ದೇವಿಮನೆ ಘಟ್ಟವೋ, ಅರಬೈಲ್ ಘಟ್ಟವೋ ನಿಮ್ಮ ನಿತ್ಯದ ದಾರಿಯಾಗಿದ್ದರೆ ಗಾಡಿಗೆ ಏರು ತೋರಿಸಲೇಬೇಕು. ಮೂರನೇ ಗೇರಿನಲ್ಲಿ ಏರುವಾಗ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಉಷ್ಣಾಂಶದ ಮುಳ್ಳು ಅರ್ಧ ದಾಟಿ ಮೇಲೆ ಹೋಗುತ್ತಿದ್ದರೆ ಅಲ್ಲೇ ನಿಲ್ಲಿಸಿ. ಇಳಿಯುವಾಗ ಬ್ರೇಕ್ ಹಿಡಿದರೆ ಒಂದು ಬದಿಗೆ ಎಳೆಯಬಾರದು. ಈ ಇಡೀ ಹೊತ್ತು ಎಸಿ ಆನ್ ಇರಲಿ. ಕರಾವಳಿ ಗಾಡಿಯಲ್ಲಿ ಎಸಿಯ ಕಂಡೆನ್ಸರ್, ಕೂಲಿಂಗ್ ಕಾಯಿಲ್ ತೂತಾಗುವುದು ಮಾಮೂಲು. "ಗ್ಯಾಸ್ ತುಂಬಿಸಿದರೆ ಆಯ್ತು" ಎನ್ನುವವರನ್ನು ಅವರೇ ತುಂಬಿಸಿ ತರಲು ಹೇಳಿ. ಕಾಯಿಲ್ ಬದಲಿಸಲು ಎಷ್ಟೋ ಗಾಡಿಗಳಲ್ಲಿ ಡ್ಯಾಶ್‌ಬೋರ್ಡೇ ಬಿಚ್ಚಬೇಕು, ಸಾಮಾನಿಗಿಂತ ಕೂಲಿ ಜಾಸ್ತಿ.

ಮೀಟರಿನ ಕಿಲೋಮೀಟರ್ ನಂಬಬೇಡಿ. ಪೆಡಲ್ ರಬ್ಬರ್, ಸ್ಟಿಯರಿಂಗ್, ಡ್ರೈವರ್ ಸೀಟಿನ ಅಂಚು ಸವೆದದ್ದು ನೋಡಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹಿಂದಿನ ಓಟದ ದಾಖಲೆ ಇರುತ್ತದೆ, ಮಾಲೀಕರನ್ನೇ ಕರೆದುಕೊಂಡು ಹೋಗಿ ಕೇಳಿ.

6. ಸಾಮಾನು ಎಲ್ಲಿ ಸಿಗುತ್ತದೆ?

ಇದನ್ನು ಯಾರೂ ಕೇಳುವುದಿಲ್ಲ. ಷೆವರ್ಲೆ 2017ರಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿಯ ತಯಾರಿಕೆಗೆ ತೆರೆ ಎಳೆಯಿತು, ಡಾಟ್ಸನ್ 2022ರಲ್ಲಿ ಹೋಯಿತು. ಗಾಡಿ ಕೆಟ್ಟದ್ದೆಂದಲ್ಲ, ಫೋರ್ಡ್ ಓಡಿಸಿದವರು ಈಗಲೂ ಹೊಗಳುತ್ತಾರೆ. ಆದರೆ ಒಂದು ಸೆನ್ಸರಿಗಾಗಿ ಹುಬ್ಬಳ್ಳಿಗೋ ಮಂಗಳೂರಿಗೋ ಓಡುವ ಬಸ್ ಖರ್ಚು, ಗಾಡಿ ನಿಂತ ದಿನಗಳು ನಿಮ್ಮವೇ. ನಿಮ್ಮ ಊರಿನ ಮೆಕ್ಯಾನಿಕ್ ದಿನಾ ಕೈ ಹಾಕುವ ಮಾದರಿಯನ್ನೇ ಆರಿಸಿ. ಹತ್ತು ವರ್ಷ ದಾಟಿದ ಡೀಸೆಲ್ ಕಾರಿಗೆ ಇಂಜೆಕ್ಟರ್, ಟರ್ಬೊ ಎರಡೇ ಸಾಕು ನಿಮ್ಮ ಮಿಗತೆ ದುಡ್ಡು ತಿನ್ನಲು. ವರ್ಷಕ್ಕೆ ಏಳೆಂಟು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಪೆಟ್ರೋಲೇ ಸರಿ. ಹಳೆಯ ಪೆಟ್ರೋಲ್ ಗಾಡಿಯಲ್ಲಿ ಇಂಧನದ ರಬ್ಬರ್ ಪೈಪುಗಳನ್ನು ಒಮ್ಮೆ ನೋಡಿಸಿ, 2023ಕ್ಕಿಂತ ಹಿಂದಿನ ಹೆಚ್ಚಿನವು ಈಗ ಬಂಕಿನಲ್ಲಿ ಸಿಗುವ ಶೇ 20 ಎಥನಾಲ್ ಪೆಟ್ರೋಲಿಗೆಂದು ಮಾಡಿದವಲ್ಲ.

7. ಚೀಟಿಯಲ್ಲಿ ಬರೆದು ಚೌಕಾಸಿ ಮಾಡಿ

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಳಿ ಆಳವಾಗಿದ್ದರೂ ಆರು ವರ್ಷ ಹಳೆಯ ಟೈರಿನಲ್ಲಿ ಮಳೆಗಾಲದ ಘಟ್ಟ ಇಳಿಯುವುದು ಬೇಡ.

ಸಣ್ಣ ಪೆಟ್ರೋಲ್ ಕಾರಿಗೆ ಒಂದು ಅಂದಾಜು ಪಟ್ಟಿ ಹೀಗಿರುತ್ತದೆ: ನಾಲ್ಕು ಟೈರ್ 16,000, ಬ್ಯಾಟರಿ 4,500, ಕ್ಲಚ್ ಕೂಲಿ ಸೇರಿ 8,000, ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಸೇರಿ ಪೂರ್ತಿ ಸರ್ವಿಸ್ 6,000, ವಿಮೆ 7,000, ಹೆಸರು ಬದಲಾವಣೆ ಮತ್ತು ಓಡಾಟ 3,000. ಒಟ್ಟು 44,500. ಎಸಿ ಕೆಲಸ ಬಂದರೆ ಇನ್ನೂ ಹದಿನೈದು ಸಾವಿರ. ಅದೂ ಸೇರಿದರೆ ಒಂದೂವರೆ ಲಕ್ಷದ ಗಾಡಿ ಎರಡು ಲಕ್ಷ ದಾಟಿತು. ಊರಿಂದ ಊರಿಗೆ, ಮಾದರಿಯಿಂದ ಮಾದರಿಗೆ ಇದು ಬದಲಾಗುತ್ತದೆ, ನಿಮ್ಮ ಮೆಕ್ಯಾನಿಕ್ ಹತ್ತಿರ ನಿಮ್ಮ ಗಾಡಿಯ ಪಟ್ಟಿ ಬರೆಸಿಕೊಳ್ಳಿ. "ಸ್ವಲ್ಪ ಕಮ್ಮಿ ಮಾಡಿ ಮಾರಾಯ್ರೆ" ಎನ್ನುವುದಕ್ಕಿಂತ ಆ ಚೀಟಿಯನ್ನು ಅವರ ಮುಂದಿಟ್ಟರೆ ಬೆಲೆ ಬೇಗ ಇಳಿಯುತ್ತದೆ.

8. ಕಾಗದದ ದಿನ

ಮಾರುವವರು ಸಹಿ ಮಾಡಬೇಕಾದದ್ದು ಫಾರ್ಮ್ 29. ಇಬ್ಬರೂ ಸೇರಿ ತುಂಬುವುದು ಫಾರ್ಮ್ 30. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿರುವ ಹೆಸರಿನವರೇ ಎದುರಿಗೆ ಕೂತು ಸಹಿ ಹಾಕಬೇಕು. ಬ್ರೋಕರ್ ಕೈಯಲ್ಲಿ ಮೊದಲೇ ಸಹಿಯಾದ ಖಾಲಿ ಫಾರ್ಮ್ ಇದ್ದರೆ, ನಡುವೆ ಎಷ್ಟು ಕೈ ದಾಟಿದೆ ಎಂಬುದು ಗೊತ್ತಾಗುವುದಿಲ್ಲ. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಲಿ, ಆಮೇಲೆ ನಿಮಗೆ. ಚಾಸಿಸ್ ನಂಬರನ್ನು ಗಾಡಿಯ ಮೇಲೆ ಓದಿ ಆರ್‌ಸಿಯೊಂದಿಗೆ ಒಂದೊಂದೇ ಅಂಕಿ ತಾಳೆ ಹಾಕಿ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ಗಾಡಿ ಒಪ್ಪಿಸಿದ ದಿನಾಂಕ, ಸಮಯ ಬರೆದು ಇಬ್ಬರೂ ಸಹಿ ಹಾಕಿ, ನಿನ್ನೆಯ ಚಲನ್ ನಾಳೆ ನಿಮ್ಮ ತಲೆಗೆ ಬರಬಾರದು.

ವಿಮೆಯಲ್ಲಿ ಬಹಳ ಜನ ಏಮಾರುತ್ತಾರೆ. "ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳಿದೆ" ಎನ್ನುತ್ತಾರೆ. ಇದೆ, ಹಳೆಯ ಮಾಲೀಕರ ಹೆಸರಲ್ಲಿ. 14 ದಿನದೊಳಗೆ ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ಇಲ್ಲದಿದ್ದರೆ ನಿಮ್ಮ ಗಾಡಿಗೆ ಆದ ಹಾನಿಗೆ ದುಡ್ಡು ಬರುವುದು ಕಷ್ಟ. ಅವರಿಗೆ ಸಿಕ್ಕಿದ್ದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಗಾಡಿಯ ಜೊತೆ ಬರುವುದಿಲ್ಲ. ಅದು ವ್ಯಕ್ತಿಯದ್ದು. ಉಳಿದ ಅವಧಿಗೆ ಆ ವ್ಯತ್ಯಾಸವನ್ನು ನೀವು ತುಂಬಬೇಕು.

2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ, ಹೊಗೆ ತಪಾಸಣೆ ಪತ್ರ ಇದೆಯೇ ನೋಡಿಕೊಳ್ಳಿ. ಹಳೆಯ ಫಾಸ್ಟ್ಯಾಗ್ ಅವರೇ ಮುಚ್ಚಿಸಲಿ, ನೀವು ನಿಮ್ಮ ಹೆಸರಿನ ಹೊಸದನ್ನು ಅಂಟಿಸಿ. ಅವರ ಟ್ಯಾಗ್ ನಡುವೆ ಬಂದ್ ಆದರೆ ಹಟ್ಟಿಕೇರಿ, ಹೊಳೆಗದ್ದೆ ಟೋಲಿನಲ್ಲಿ ಜಾಸ್ತಿ ದುಡ್ಡು ತೆರಬೇಕಾಗುತ್ತದೆ.

9. ಮನೆಗೆ ತಂದ ಮೊದಲ ತಿಂಗಳು

ಹಿಂದಿನವರು ಏನೇ ಹೇಳಲಿ, ಎಂಜಿನ್ ಆಯಿಲ್, ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಯೇ ಬಿಡಿ, ಬೆಲ್ಟ್ ಓಡುವಾಗ ತುಂಡಾದರೆ ಒಳಗಿನ ವಾಲ್ವ್‌ಗಳೂ ಹೋಗಬಹುದು. ಸೀಟ್ ಕವರ್, ಸ್ಪೀಕರ್, ಅಲಾಯ್ ವೀಲ್ ಎಲ್ಲ ಮುಂದಿನ ವರ್ಷಕ್ಕಿರಲಿ.

ಆಮೇಲೆ ಬಾಗಿಲ ಕೆಳಗಿನ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ಚಕ್ರದ ಗೂಡುಗಳನ್ನು ಸಿಹಿನೀರಿನ ಪೈಪಿನಿಂದ ತೊಳೆದು ಬಿಸಿಲಿಗೆ ನಿಲ್ಲಿಸಿ. ಕೋಟಿಂಗ್ ಮಾಡಿಸುವುದಿದ್ದರೆ ಏಪ್ರಿಲ್, ಮೇನಲ್ಲಿ, ಅಡಿ ಪೂರ್ತಿ ಒಣಗಿ, ತುಕ್ಕು ಕೆರೆದ ಮೇಲೆ. ಒದ್ದೆಯ ಮೇಲೆ ಬಳಿದರೆ ನೀರನ್ನು ಒಳಗಿಟ್ಟು ಬೀಗ ಹಾಕಿದಂತೆ.